ಲ್ಯಾಬ್ ಇಲ್ಲದ ಶಾಲೆ, ಎರಡು ಕಲ್ಲು

ನೀವು ಕೇಳಿದ್ದು: ಕೊಪ್ಪಳದ ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದೇನೆ, ಲ್ಯಾಬ್ ಇಲ್ಲ, ನಾಲ್ಕನೇ ತರಗತಿಗೆ ವಸ್ತುಗಳ ಗುಣಗಳನ್ನು ಬಾಯಿಪಾಠ ಮಾಡಿಸದೆ ಹೇಗೆ ಕಲಿಸಲಿ?

ನಮ್ಮಲ್ಲೂ ಲ್ಯಾಬ್ ಇಲ್ಲ. ನಾನು ಸಂಡೂರು ಕಡೆಯ ಮೇಷ್ಟ್ರು. ಇಲ್ಲಿ ಲಾರಿಯಿಂದ ಬಿದ್ದ ಅದಿರು ರಸ್ತೆ ಬದಿಯಲ್ಲೇ ಸಿಗುತ್ತದೆ. (ನಾನೇ ಆರಿಸಿ ತರುತ್ತೇನೆ, ಮಕ್ಕಳನ್ನು ಆ ರಸ್ತೆಗೆ ಕಳಿಸಲ್ಲ.)

ಮುಷ್ಟಿಯಷ್ಟು ದಪ್ಪದ ಕಬ್ಬಿಣದ ಅದಿರು ಒಂದು, ಅಷ್ಟೇ ದಪ್ಪದ ಗ್ರಾನೈಟ್ ಕಲ್ಲು ಒಂದು. ಎರಡನ್ನೂ ಮೇಜಿನ ಮೇಲೆ ಇಡಿ. ಮುಟ್ಟಲು ಬಿಡಬೇಡಿ. ಯಾವುದು ಭಾರ ಅಂತ ಮೊದಲು ಊಹೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಇದನ್ನು ಬಿಟ್ಟರೆ ಸುಮ್ನೆ ಆಟ ಆಗುತ್ತದೆ. ಆಮೇಲೆ ಎರಡು ಕೈಗೆ ಎರಡು ಕಲ್ಲು ಕೊಡಿ. ಅದಿರು ಹಿಡಿದ ಕೈ ಜಗ್ಗಿ ಕೆಳಗೆ ಬರುತ್ತದೆ. ಆಗ ಅವರ ಮುಖ ನೋಡಬೇಕು!

"ಅದು ದೊಡ್ಡದೈತ್ರಿ ಸರ್, ಅದಕ್ಕೇ ಭಾರ" ಅಂತ ಒಬ್ಬನಾದರೂ ವಾದಕ್ಕೆ ನಿಲ್ಲುತ್ತಾನೆ. ನಿಲ್ಲಲಿ, ನಮಗೆ ಬೇಕಾದದ್ದೂ ಅದೇ ಅಲ್ವಾ? ಚೊಂಬಿಗೆ ಅಂಚಿನವರೆಗೆ ನೀರು ತುಂಬಿ ತಟ್ಟೆಯಲ್ಲಿಡಿ. ಕಲ್ಲಿಗೆ ದಾರ ಕಟ್ಟಿ ಮೆಲ್ಲಗೆ ಇಳಿಸಿ. ತಟ್ಟೆಗೆ ಚೆಲ್ಲಿದ ನೀರನ್ನು ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಅಳೆಯಲಿ. ಎರಡೂ ಕಲ್ಲಿಗೆ ಹೆಚ್ಚುಕಮ್ಮಿ ಅಷ್ಟೇ ನೀರು ಚೆಲ್ಲಿರುತ್ತದೆ. ಆದರೆ ತಕ್ಕಡಿ ಬೇರೆಯೇ ಹೇಳುತ್ತದೆ. ಒಳ್ಳೆ ಅದಿರು ಅಷ್ಟೇ ಅಳತೆಯ ನೀರಿಗಿಂತ ಸುಮಾರು 5 ಪಟ್ಟು ತೂಗುತ್ತದೆ, ಗ್ರಾನೈಟ್ ಸುಮಾರು 2.7 ಪಟ್ಟು. 'ಸಾಂದ್ರತೆ' ಅನ್ನುವ ಪದವನ್ನು ಆ ದಿನ ನಾನು ಎತ್ತುವುದೇ ಇಲ್ಲ.

ನಿಮ್ಮ ಕಡೆ ಗ್ರಾನೈಟಿಗೆ ಬರವಿಲ್ಲ. ಅದಿರು ಸಿಗದಿದ್ದರೆ ಇಟ್ಟಿಗೆ ಚೂರು ತನ್ನಿ. ಒಣ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಗುಳುಗುಳು ಗುಳ್ಳೆ ಬರುತ್ತದೆ, ಎತ್ತಿ ತೂಗಿದರೆ ತೂಕ ಏರಿರುತ್ತದೆ. ಇಟ್ಟಿಗೆಯ ಹಾಗೆ ಮಡಕೆಯಲ್ಲೂ ಸಣ್ಣ ಸಣ್ಣ ತೂತು ಇರುತ್ತವೆ, ಮಡಕೆ ನೀರು ತಣ್ಣಗಿರುವ ಮಾತು ಅಲ್ಲಿಂದಲೇ ಶುರು ಮಾಡಬಹುದು. ಕರಗುವುದು, ಗಟ್ಟಿಯಾಗುವುದಕ್ಕೆ ಕೊಬ್ಬರಿ ಎಣ್ಣೆ ಸಾಕು. ಸುಮಾರು 24 ಡಿಗ್ರಿಗೆ ಕರಗುತ್ತದೆ. ಆದರೆ ಆ ಪಾಠ ಡಿಸೆಂಬರಿಗೆ ಇಟ್ಟುಕೊಳ್ಳಿ, ನಮ್ಮ ಬಿಸಿಲಲ್ಲಿ ಅದು ಗಟ್ಟಿಯಾಗಲ್ಲ.

ಏನೇ ಮಾಡಿದರೂ ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮೊದಲ ವರ್ಷ ನಾನು "ಕಬ್ಬಿಣದ ಅದಿರು ತಾನೆ, ಆಯಸ್ಕಾಂತಕ್ಕೆ ಅಂಟುತ್ತದೆ" ಅಂದುಬಿಟ್ಟಿದ್ದೆ. ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದರೆ, ಜಪ್ಪಯ್ಯ ಅಂದರೂ ಅಂಟಲಿಲ್ಲ. ಇಡೀ ಕ್ಲಾಸು ನಕ್ಕಿತು. ನಮ್ಮ ಗುಡ್ಡಗಳಲ್ಲಿ ಜಾಸ್ತಿ ಇರುವುದು ಹೆಮಟೈಟ್. ಅದರಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಸೇರಿಕೊಂಡಿದೆ, ಆಯಸ್ಕಾಂತ ಅದನ್ನು ಎಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಚೆನ್ನಾಗಿ ಅಂಟುವುದು ಮ್ಯಾಗ್ನೆಟೈಟ್ ಅನ್ನುವ ಇನ್ನೊಂದು ಬಗೆಯ ಕಬ್ಬಿಣದ ಅದಿರು.

ಮಾನ ಉಳಿಸಿದ್ದು ಒಂದು ಒಡೆದ ಟೈಲ್ಸ್. ಅದರ ಹಿಂದಿನ ಒರಟು ಮೈಗೆ ಅದಿರನ್ನು ಉಜ್ಜಿದೆ. ಕಲ್ಲು ನೋಡಲು ಕಪ್ಪು, ಬಿದ್ದ ಗೆರೆ ಕೆಂಪು. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, "ನಮ್ಮಪ್ಪನ ಅಂಗಿ ಬಣ್ಣ ಐತ್ರಿ ಸರ್!" ಅಂದಳು. ಅವರಪ್ಪ ಅದಿರು ಲಾರಿ ಡ್ರೈವರ್.

ಗೆರೆ ಎಳೆಸಿದ ಮೇಲೆ ಕೈ ತೊಳೆಸುವುದು ಮರೆಯಬೇಡಿ. ಯೂನಿಫಾರ್ಮಿಗೆ ಹತ್ತಿದರೆ ಬೇಗ ಹೋಗಲ್ಲ, ಮರುದಿನ ತಾಯಂದಿರು ಗೇಟಿನ ಹತ್ತಿರ ಕಾಯುತ್ತಿರುತ್ತಾರೆ.