ಡಿಜಿಟಲ್ ಕೊಲಾಜ್ ಮಾಡ್ತೀನಿ, ನನ್ನದೇ ಶೈಲಿ ಬರ್ತಿಲ್ಲ. ಫೋಟೋಶಾಪ್ ಕೋರ್ಸ್ ಸೇರಲಾ, ದಿನಕ್ಕೊಂದು ಪೋಸ್ಟ್ ಹಾಕ್ತಾ ಹೋಗಲಾ?

ಎರಡೂ ಬೇಡ. ನಾನೂ ಹೀಗೇ ಒದ್ದಾಡಿದವನು. ಪಿಂಟರೆಸ್ಟ್ ತೆಗೆಯೋದು, ಹಳೇ ಕಾಲದ ಒಬ್ಬ ಹೆಂಗಸು, ಒಂದು ಚಂದ್ರ, ನಾಲ್ಕು ದಾಸವಾಳ ಕತ್ತರಿಸಿ ಅಂಟಿಸೋದು, ಸಂಜೆಗೆ ಇನ್‌ಸ್ಟಾಗ್ರಾಂ. ಲೈಕ್ ಬರ್ತಿತ್ತು. ಆದರೆ ಹೆಸರು ಮುಚ್ಚಿದರೆ ಯಾರದು ಅಂತ ಗೊತ್ತಾಗ್ತಿರಲಿಲ್ಲ.

ಮೈಸೂರಿನ ಒಂದು ಕೆಫೆಯವರು ಗೋಡೆಗೆ ಎ2 ಅಳತೆಯ (42 × 59.4 ಸೆಂಟಿಮೀಟರ್) ಪ್ರಿಂಟ್ ಕೇಳಿ ಮುಂಗಡ ಕೊಟ್ಟರು. ಪ್ರಿಂಟಿಂಗ್ ಅಂಗಡಿಯವನು ಫೈಲ್ ನೋಡಿ, "ಸಾರ್, ಇದು ಪೋಸ್ಟ್‌ಕಾರ್ಡಿಗೆ ಸರಿ" ಅಂದ. ಅಗಲ 1080 ಪಿಕ್ಸೆಲ್. 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕಕ್ಕೆ ಒಂಬತ್ತು ಸೆಂಟಿಮೀಟರ್. ಎ2ಗೆ ಬೇಕಾದ್ದು 4961.

ಈ ಕತೆ ಕೇಳಿದವರೆಲ್ಲ "ಚಿಕ್ಕ ಸೈಜಲ್ಲಿ ಮಾಡಿದ್ದೇ ತಪ್ಪು" ಅಂತಾರೆ. ಅಲ್ಲ. ತುಣುಕು ಎಲ್ಲಿಂದ ತಂದೆ ಅಂತ ಬರೆದಿಟ್ಟುಕೊಳ್ಳದ್ದು ತಪ್ಪು. ಬರೆದಿದ್ದರೆ ಅದೇ ರಾತ್ರಿ ಮೂಲದ ದೊಡ್ಡ ಚಿತ್ರ ಇಳಿಸಿಕೊಂಡು ಮತ್ತೆ ಜೋಡಿಸ್ತಿದ್ದೆ. ನನ್ನ ಹತ್ತಿರ ಇದ್ದದ್ದು ಬರೀ "ಡೌನ್‌ಲೋಡ್" ಅನ್ನೋ ಹೆಸರಿನ ಫೈಲುಗಳ ರಾಶಿ. ಗೂಗಲ್ ಲೆನ್ಸಲ್ಲಿ ಹುಡುಕಿದರೆ, ನಡುವೆ ಕೂತ ಆ "ಹಳೇ ಕಾಲದ" ಹೆಂಗಸು ಈಗಲೂ ಕೆಲಸ ಮಾಡ್ತಿರೋ ಛಾಯಾಗ್ರಾಹಕರೊಬ್ಬರ ಚಿತ್ರದವಳು! ಕೇಳಿದೆ, ಆಗಲ್ಲ ಅಂದರು. ಮುಂಗಡ ವಾಪಸ್. ದುಡ್ಡಿಗಿಂತ ಚುಚ್ಚಿದ್ದು ಬೇರೆ: ಅವಳು ಯಾರು, ಯಾವ ಊರು ಅಂತ ಒಮ್ಮೆಯೂ ವಿಚಾರಿಸದೆ ಅವಳ ತಲೆ ಮೇಲೆ ಚಂದ್ರ ಇಟ್ಟಿದ್ದೆ. ಕೊಲಾಜ್ ಖಾಲಿ ಇದ್ದದ್ದು ಅದಕ್ಕೇ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. 2012ರ ತಿದ್ದುಪಡಿ ಆದಮೇಲೆ ಫೋಟೋಗಳಿಗೂ ಅದೇ ಲೆಕ್ಕ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅಲ್ಲಿ ತೊಂದರೆಯಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಕ್ಕು ಮುಗಿದ ಕೃತಿಗಳ ಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿದೆ.

ಆದರೆ ಅದನ್ನೇ ನೆಚ್ಚಿಕೊಂಡರೆ ಮತ್ತೆ ಎಲ್ಲರ ಹಾಗೇ ಆಗ್ತೀರಿ. ಜರ್ಮನ್ ಕಲಾವಿದೆ ಹನ್ನಾ ಹೋಕ್ ಬರ್ಲಿನ್ನಿನ ಉಲ್‌ಸ್ಟೈನ್ ಪ್ರಕಾಶನದಲ್ಲಿ ಕಸೂತಿ, ಉಡುಪಿನ ನಮೂನೆ ಬಿಡಿಸ್ತಿದ್ದರು. ಅವರ ಫೋಟೋಮಾಂಟಾಜ್‌ಗಳಿಗೆ (ಫೋಟೋ ತುಣುಕುಗಳ ಕೊಲಾಜ್) ಕತ್ತರಿ ಬಿದ್ದದ್ದು ಆ ಪ್ರಕಾಶನದ ಪತ್ರಿಕೆಗಳಿಗೇ. ನಾನು ಮನೆಯ ಟ್ರಂಕಿಗೆ ಕೈ ಹಾಕಿದೆ: ಅಜ್ಜಿ ಸೀರೆಯ ಅಂಚು, ಬಸ್ ಟಿಕೆಟ್, ಅಡಿಕೆ ಮಂಡಿಯ ಚೀಟಿ, ಲಗ್ನಪತ್ರಿಕೆ. 1200 ಡಿಪಿಐಗೆ ಸ್ಕ್ಯಾನ್ ಮಾಡಿದರೆ ನಾಲ್ಕು ಪಟ್ಟು ದೊಡ್ಡದಾಗಿ ಪ್ರಿಂಟ್ ಹಾಕಬಹುದು. ಆಗ ಅಚ್ಚಿನ ಬಣ್ಣದ ಚುಕ್ಕಿಗಳು ಎದ್ದು ಕಾಣ್ತವೆ. ಎಲ್ಲರೂ ಅದನ್ನು ಅಳಿಸಿ ಅಂತಾರೆ. ನಾನು ಹಾಗೇ ಬಿಟ್ಟೆ. ಈಗ ಚುಕ್ಕಿ ನೋಡಿಯೇ ನನ್ನದು ಅಂತ ಗುರುತು ಹಿಡೀತಾರೆ.

ಕೋರ್ಸಿನ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಸ್ಕ್ಯಾನರ್ ತಗೊಳ್ಳಿ. ಫೋಟೋಶಾಪ್ ಥರದ ಫೋಟೋಪಿಯ ಬ್ರೌಸರಲ್ಲೇ ಪುಕ್ಕಟೆ ನಡೆಯುತ್ತೆ, ಲೇಯರ್ ಮಾಸ್ಕ್ (ಬೇಡದ ಭಾಗ ಅಳಿಸದೆ ಮರೆಮಾಡೋ ವಿಧಾನ) ಕಲಿತರೆ ಸದ್ಯಕ್ಕೆ ಸಾಕು. ಕ್ಯಾನ್ವಾಸ್ ಮೊದಲೇ ಎ2 ಲೆಕ್ಕಕ್ಕೆ 4961 × 7016 ಪಿಕ್ಸೆಲ್ ಇಡಿ. ಲ್ಯಾಪ್‌ಟಾಪ್ ಏದುಸಿರು ಬಿಟ್ಟರೆ ಎ3ಗೆ ಇಳೀರಿ, ಅದಕ್ಕಿಂತ ಕೆಳಗೆ ಬೇಡ.