ನನ್ನ ವೆಬ್ ಆ್ಯಪ್‌ನ ಡೆಬ್ ಪ್ಯಾಕೇಜ್ (ಡೆಬಿಯನ್ ಲಿನಕ್ಸ್‌ನ ಇನ್‌ಸ್ಟಾಲ್ ಫೈಲ್) ಹಾಕಿದರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇರುವ ಮಷೀನಿಗೂ ಇನ್ನೊಂದು ವೆಬ್ ಸರ್ವರ್ ಅಪಾಚೆ ಬರುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಏನು ಮಾಡಲಿ?

ಪ್ಯಾಕೇಜಿನ ಡಿಪೆಂಡ್ಸ್ ಸಾಲಿನಲ್ಲಿ, ಅಂದರೆ ಕಡ್ಡಾಯವಾಗಿ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಲ್ಲಿ, ಬರೀ ಅಪಾಚೆ2 ಅಂತ ಬರೆದಿದ್ದೀರಿ, ಅಲ್ವಾ? ತೊಂದರೆ ಶುರುವಾಗುವುದೇ ಅಲ್ಲಿ. ವೆಬ್ ಸರ್ವರ್‌ಗಳು ಬಳಸುವ ಪೋರ್ಟ್ 80ನ್ನು ಎಂಜಿನ್‌ಎಕ್ಸ್ ಆಗಲೇ ಹಿಡಿದಿರುತ್ತದೆ, ಹಾಗಾಗಿ ಅಪಾಚೆಗೆ ಜಾಗ ಸಿಗುವುದಿಲ್ಲ. ಆ ಸಾಲನ್ನು ರೆಕಮೆಂಡ್ಸ್‌ಗೆ (ಕಡ್ಡಾಯವಲ್ಲದ ಶಿಫಾರಸಿಗೆ) ಇಳಿಸಿ, ‘ಅಪಾಚೆ2 ಅಥವಾ ಎಚ್‌ಟಿಟಿಪಿಡಿ’ ಎಂಬ ಆಯ್ಕೆ ಕೊಡಿ. ಎಚ್‌ಟಿಟಿಪಿಡಿ ಒಂದು ವರ್ಚುವಲ್ ಪ್ಯಾಕೇಜ್, ಅಂದರೆ ಬೇರೆ ಬೇರೆ ವೆಬ್ ಸರ್ವರ್‌ಗಳು ಪೂರೈಸಬಹುದಾದ ಒಂದು ಸಾಮಾನ್ಯ ಹೆಸರು. ಎಂಜಿನ್‌ಎಕ್ಸ್ ಇದ್ದರೂ ಅದು ಪೂರೈಕೆಯಾಗುತ್ತದೆ.

ಇನ್ನು ಕಾನ್ಫಿಗ್ ಫೈಲ್. ಜಾಸ್ತಿ ಜನ ಎಡವುವುದು ಇಲ್ಲೇ. ಅಪಾಚೆಯ ಡೀಫಾಲ್ಟ್ ಸೈಟ್ ಫೈಲನ್ನು ಇನ್‌ಸ್ಟಾಲ್ ಆದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್‌ನಿಂದ ದಯವಿಟ್ಟು ತಿದ್ದಬೇಡಿ. ಬೇರೆ ಪ್ಯಾಕೇಜಿನ ಕಾನ್ಫ್‌ಫೈಲ್ (ಪ್ಯಾಕೇಜ್ ಜೊತೆ ಬರುವ ಕಾನ್ಫಿಗ್ ಫೈಲ್) ಮುಟ್ಟುವುದನ್ನು ಡೆಬಿಯನ್ ಪಾಲಿಸಿ ಒಪ್ಪುವುದಿಲ್ಲ. ಮುಂದೆ ಅಪಾಚೆ ಆ ಫೈಲನ್ನು ಬದಲಿಸಿದರೆ, ‘ಹಳೆಯದು ಇರಲಾ, ಹೊಸದು ಹಾಕಲಾ’ ಎಂದು ಸಿಸ್ಟಮ್ ಅಪ್‌ಗ್ರೇಡ್ ಮಧ್ಯದಲ್ಲಿ ಬಳಕೆದಾರನನ್ನು ಕೇಳುತ್ತದೆ. ತಾನು ಮುಟ್ಟದ ಫೈಲ್ ಬಗ್ಗೆ ಬಳಕೆದಾರ ಏನಂತ ಉತ್ತರಿಸಬೇಕು?

ಬದಲಿಗೆ ಅಪಾಚೆಯ ಕಾನ್ಫ್-ಅವೈಲಬಲ್ ಫೋಲ್ಡರಿನಲ್ಲಿ ನಿಮ್ಮದೇ ಚಿಕ್ಕ ಫೈಲ್ ಇಡಿ. ಅದರಲ್ಲಿ ಆ್ಯಪ್ ಹೆಸರಿನ ಏಲಿಯಾಸ್ (ವೆಬ್ ವಿಳಾಸದ ಹಾದಿಯನ್ನು ಆ್ಯಪ್ ಫೋಲ್ಡರಿಗೆ ಜೋಡಿಸುವ ಸಾಲು), ಡೈರೆಕ್ಟರಿ ಅನುಮತಿ ಇಷ್ಟೇ ಇರಲಿ. ಸುಮ್ನೆ ಇಡೀ ರೂಟ್ ಹಾದಿಯನ್ನೇ ಹಿಡಿದರೆ ಅಲ್ಲಿರುವ ಬೇರೆ ಸೈಟ್‌ಗಳು ಕಾಣದಂತಾಗುತ್ತವೆ. ಆ ಫೈಲನ್ನು ಆನ್, ಆಫ್ ಮಾಡುವ ಕೆಲಸ ಪ್ಯಾಕೇಜ್ ಕಟ್ಟುವಾಗ ಬಳಸುವ ಡಿಎಚ್_ಅಪಾಚೆ2 ಎಂಬ ಸಾಧನ ನೋಡಿಕೊಳ್ಳುತ್ತದೆ. ಎಂಜಿನ್‌ಎಕ್ಸ್‌ಗೆ ಒಂದು ಮಾದರಿ ಫೈಲನ್ನು ಡಾಕ್ಯುಮೆಂಟೇಶನ್ ಜೊತೆ ಕೊಟ್ಟರೆ ಸಾಕು.