ಯುರೋಪಿನಲ್ಲಿ ಸಣ್ಣ ಕಾರಿಗೂ ಏಕೆ ಇಷ್ಟು ಬೆಲೆ?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದಿರುವ ನೀವು, ನಮ್ಮಲ್ಲಿ ಏಳೆಂಟು ಲಕ್ಷಕ್ಕೆ ಸಿಗುವಂಥ ಕಾರಿಗೆ ಇಲ್ಲಿ ಹದಿನೈದು, ಇಪ್ಪತ್ತು ಸಾವಿರ ಯುರೋ ಏಕೆ, ಸಾಲ ಮಾಡಿಯಾದರೂ ಹೊಸದನ್ನೇ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಮೊದಲ ಕಾರು ಹೊಸದಾಗಿಯೇ ಇರಲಿ, ಪೂಜೆ ಮಾಡಿಸಿ ಮನೆಗೆ ತರೋಣ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ.

ನಾನು 2010ರಲ್ಲಿ ಬಂದಾಗ ಮಾನೇಸರ್‌ನಲ್ಲಿ ತಯಾರಾದ ಸುಜುಕಿ ಆಲ್ಟೊ ಕಾರುಗಳು ಇಲ್ಲಿನ ಬೀದಿಗಳಲ್ಲಿ ಓಡಾಡುತ್ತಿದ್ದವು. ನಮ್ಮ ದೇಶದಿಂದ ಹಡಗೇರಿ ಬಂದವು ಎಂದು ಸಹೋದ್ಯೋಗಿಗಳಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ. ಮರುವರ್ಷದ ಕೊನೆಗೆ ಫೋಕ್ಸ್‌ವ್ಯಾಗನ್‌ನ ‘ಅಪ್’ ಎಂಬ ಪುಟ್ಟ ಕಾರು ಹತ್ತು ಸಾವಿರ ಯುರೋಗಿಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂತು. 2023ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಕೊಲೋನ್‌ನಲ್ಲಿ ಫೋರ್ಡ್ ಫಿಯೆಸ್ಟಾ ಕೂಡ ನಿಂತಿತು. ನಮ್ಮಂಥವರು ಕೈಗೆ ಬಂದ ಮೊದಲ ಉಳಿತಾಯದಲ್ಲಿ ಕೊಳ್ಳಬಹುದಾಗಿದ್ದ ಹೊಸ ಕಾರುಗಳು ಹೀಗೆ ಒಂದೊಂದಾಗಿ ಮರೆಯಾದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಹಣದುಬ್ಬರವೂ ಒಂದು ಕಾರಣ. 2021ರಲ್ಲಿ ಚಿಪ್‌ಗಳ ಕೊರತೆಯಾದಾಗ ಕಂಪನಿಗಳು ಸಿಕ್ಕಷ್ಟನ್ನು ಹೆಚ್ಚು ಲಾಭ ತರುವ ದೊಡ್ಡ ಕಾರುಗಳಿಗೆ ಬಳಸಿಕೊಂಡದ್ದೂ ನಿಜ. ಆದರೆ ಮೂಲ ಕಾರಣವೆಂದರೆ, ಕಾನೂನು ಕೇಳುವ ಉಪಕರಣಗಳ ಖರ್ಚು ಕಾರು ಚಿಕ್ಕದೆಂದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. 2024ರ ಜುಲೈ 7ರಿಂದ ಐರೋಪ್ಯ ಒಕ್ಕೂಟದಲ್ಲಿ ನೋಂದಣಿಯಾಗುವ ಪ್ರತಿ ಹೊಸ ಕಾರಿನಲ್ಲಿಯೂ ವೇಗಮಿತಿಯ ಎಚ್ಚರಿಕೆ, ತುರ್ತು ಸ್ವಯಂಚಾಲಿತ ಬ್ರೇಕ್, ಲೇನ್ ತಪ್ಪದಂತೆ ತಡೆಯುವ ವ್ಯವಸ್ಥೆ, ಚಾಲಕನ ತೂಕಡಿಕೆ ಗುರುತಿಸುವ ಸಾಧನ ಇರಲೇಬೇಕು. ಇಷ್ಟಕ್ಕೂ ಬೇಕಾದ ಕ್ಯಾಮೆರಾ, ಸೆನ್ಸರ್‌ಗಳ ವೆಚ್ಚ ಅರವತ್ತು ಸಾವಿರದ ಕಾರಿನಲ್ಲಿ ಗೊತ್ತೇ ಆಗುವುದಿಲ್ಲ, ಹನ್ನೆರಡು ಸಾವಿರದ ಕಾರಿನಲ್ಲಿ ಲಾಭವನ್ನೇ ನುಂಗುತ್ತದೆ. ಇದರ ಮೇಲೆ, ಕಂಪನಿಯ ಹೊಸ ಕಾರುಗಳು ಕಿಲೋಮೀಟರಿಗೆ ಸರಾಸರಿ ಉಗುಳುವ ಇಂಗಾಲದ ಡೈಆಕ್ಸೈಡ್ ಮಿತಿ ಮೀರಿದರೆ, ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯುರೋ ದಂಡವಿದೆ. ನಮ್ಮ ಹೆದ್ದಾರಿಗಳಲ್ಲಿ ಆಪ್ತರನ್ನು ಕಳೆದುಕೊಂಡಿರುವ ನಾನು ಸುರಕ್ಷತೆಯ ನಿಯಮಗಳನ್ನು ದೂರಲಾರೆ; ಅದರ ಹೊರೆ ಬಡ ಕೊಳ್ಳುಗನ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬುದಷ್ಟೇ ನನ್ನ ನೋವು.

ಈ ಖರ್ಚು ಕೊಂಡ ದಿನಕ್ಕೇ ಮುಗಿಯುವುದಿಲ್ಲ ಎಂಬುದು ನನಗೆ ತಿಳಿದದ್ದು ಒಂದು ಚಳಿಗಾಲದಲ್ಲಿ, ಇಲ್ಲಿನ ಹೆದ್ದಾರಿಯಾದ ಆಟೋಬಾನ್‌ನಲ್ಲಿ ಲಾರಿಯ ಚಕ್ರದಡಿಯಿಂದ ಹಾರಿದ ಕಲ್ಲೊಂದು ಮುಂದಿನ ಗಾಜಿಗೆ ಬಡಿದಾಗ. ಬಿರುಕು ಬೆರಳುದ್ದ ಮಾತ್ರವಿತ್ತು. ಆದರೆ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಂತಿರುವ ಕ್ಯಾಮೆರಾವನ್ನು, ಗಾಜು ಬದಲಾಯಿಸಿದ ಮೇಲೆ, ಎದುರಿಗೆ ಅಳತೆಯ ಫಲಕ ನಿಲ್ಲಿಸಿ ಮತ್ತೆ ಹೊಂದಿಸಬೇಕಾಯಿತು. ಬಿಲ್ಲಿನಲ್ಲಿ ಅದಕ್ಕೆಂದೇ ಬೇರೆ ಮೊತ್ತವಿತ್ತು.

ಆದ್ದರಿಂದ ಸಾಲ ಮಾಡಿ ಹೊಸದನ್ನು ಕೊಳ್ಳಬೇಡಿ. ಮೂರು ನಾಲ್ಕು ವರ್ಷ ಓಡಿದ, ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಟ್ಯೂಫ್ ತಪಾಸಣೆ ಮುಗಿಸಿದ ಕಾರನ್ನು ನೋಡಿ. ಹೊಸದೇ ಬೇಕೆಂದರೆ ಇಲ್ಲಿನ ಅಗ್ಗದ ಕಾರುಗಳಲ್ಲೊಂದಾದ ಡಾಸಿಯಾ ಸ್ಯಾಂಡೆರೊ ವಿಚಾರಿಸಿ. ಭಾರತದ ಪರವಾನಗಿ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಲಿಖಿತ ಪರೀಕ್ಷೆಗೆ ಈಗಲೇ ಓದಿಕೊಳ್ಳಿ. ವಿಮೆಯಲ್ಲಿ ನಿಮ್ಮಿಂದ ಇತರರಿಗಾದ ಹಾನಿಯನ್ನು ಭರಿಸುವ, ಕಡ್ಡಾಯವಾದ ಹಾಫ್ಟ್‌ಫ್ಲಿಖ್ಟ್ ಜೊತೆಗೆ, ಗಾಜಿನ ಹಾನಿಯನ್ನು ಭರಿಸುವ ಟೈಲ್‌ಕಾಸ್ಕೊ ಮಾಡಿಸಿ, ಹಾನಿಯಾದಾಗ ನೀವೇ ಕೈಯಿಂದ ಕೊಡಬೇಕಾದ ಮೊತ್ತ ಎಷ್ಟೆಂದು ಸಹಿಗೆ ಮೊದಲು ಕೇಳಿ. ಹಳೆಯ ಕಾರಿನ ಗಾಜು ಬದಲಾಗಿದ್ದರೆ ಕ್ಯಾಮೆರಾ ಹೊಂದಿಸಿದ ರಸೀದಿಯನ್ನು ಮಾರುವವರಿಂದ ಪಡೆದೇ ಹಣ ಕೊಡಿ.